ಜಾಲತಾಣವು ಮನೆ ಬದಲಿಸಿದಾಗ

ಕಾಲೇಜೊಂದರ ಜಾಲತಾಣವು ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ವರ್ಗವಾಗಿದೆ ಎಂದು ಭಾವಿಸೋಣ. ಪ್ರವೇಶದ ಅರ್ಜಿಗಳನ್ನು ಸಲ್ಲಿಸಲು ಮರುದಿನವೇ ಕಡೆಯ ದಿನ. ಬೆಳಗ್ಗೆ ಹತ್ತು ಗಂಟೆಗೆ ವರ್ಗಾವಣೆಯ ಕೆಲಸ ಮುಗಿಯಿತು. ಕಾಲೇಜಿನ ಕಚೇರಿಯಲ್ಲಿ ಪುಟ ಚೆನ್ನಾಗಿ ತೆರೆಯುತ್ತದೆ. ಊರಿನ ಇನ್ನೊಂದು ಕಡೆಯಲ್ಲಿ ಎಷ್ಟು ಹೊತ್ತು ಕಾದರೂ ತೆರೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿಗೆ ಮನೆಯ ಕಂಪ್ಯೂಟರಿನಲ್ಲಿ ಕಂಡ ಪುಟ ಅವಳದೇ ಮೊಬೈಲಿನಲ್ಲಿ ಕಾಣುವುದಿಲ್ಲ. ಮತ್ತೊಬ್ಬನಿಗೆ ಪುಟವೇನೋ ಕಾಣುತ್ತದೆ. ಆದರೆ ಅದು ಹೋದ ವಾರದ ಪುಟ. ಅವನು ಅದರಲ್ಲಿ ತುಂಬಿದ ಅರ್ಜಿ ಹಳೆಯ ಯಂತ್ರಕ್ಕೆ ಹೋಗಿ ಸೇರುತ್ತದೆ. ಅದನ್ನು ಇನ್ನು ಯಾರೂ ತೆರೆದು ನೋಡುವುದಿಲ್ಲ. “ಸರ್ವರ್ ಡೌನ್ ಆಗಿದೆ” ಎಂದು ಎಲ್ಲರೂ ಮಾತು ಮುಗಿಸುತ್ತಾರೆ. ಹೊಸ ಸರ್ವರಾದರೋ ಯಾವ ಕೊರತೆಯೂ ಇಲ್ಲದೆ ನಡೆಯುತ್ತಿದೆ!

ಜಾಲತಾಣ ಒಂದೇ, ಗಳಿಗೆಯೂ ಒಂದೇ. ಆದರೂ ಮೂವರಿಗೆ ಮೂರು ಬಗೆಯ ಅನುಭವ. ಇಂಥ ತೊಡಕನ್ನು ಬಿಡಿಸುವುದು ಹೇಗೆ? ಪುಟವೊಂದು ನಮ್ಮ ಕಣ್ಣ ಮುಂದೆ ಬರುವ ಮೊದಲು ಯಾವ ಯಾವ ಹಂತಗಳನ್ನು ದಾಟುತ್ತದೆಂಬುದನ್ನು ಅರಿತವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಆ ಹಂತಗಳನ್ನು ನಾವು ಒಂದೊಂದಾಗಿ ನೋಡೋಣ.

ಹೆಸರು ಮತ್ತು ಸಂಖ್ಯೆ

ಅಂತರ್ಜಾಲದಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಈ ಸಂಖ್ಯೆಗೆ ಐ.ಪಿ. ವಿಳಾಸವೆಂದು ಹೆಸರು. ಮನುಷ್ಯರಿಗೆ ಸಂಖ್ಯೆಗಳನ್ನು ನೆನಪಿಡುವುದು ತ್ರಾಸದಾಯಕವಾದುದರಿಂದ ಜಾಲತಾಣಗಳಿಗೆ ಹೆಸರುಗಳನ್ನಿಟ್ಟಿದ್ದೇವೆ. ನಾವು ಬ್ರೌಸರಿನಲ್ಲಿ ಬರೆಯುವುದು ಹೆಸರನ್ನು. ಬ್ರೌಸರಿಗೆ ಬೇಕಾಗಿರುವುದು ಸಂಖ್ಯೆ. ಆದಕಾರಣ ಪುಟವನ್ನು ಕೇಳುವುದಕ್ಕೆ ಮೊದಲು ಅದು ಆ ಹೆಸರಿನ ಸಂಖ್ಯೆ ಯಾವುದೆಂದು ವಿಚಾರಿಸಿಕೊಳ್ಳಬೇಕಾಗುತ್ತದೆ.

ನಮ್ಮ ಕಾಲೇಜಿನ ಹಳೆಯ ಸರ್ವರಿನ ವಿಳಾಸ ೧೯೨.೦.೨.೧೦ ಎಂದೂ ಹೊಸದರ ವಿಳಾಸ ೧೯೮.೫೧.೧೦೦.೨೦ ಎಂದೂ ಇಟ್ಟುಕೊಳ್ಳೋಣ. (ಈ ಎರಡು ಸಂಖ್ಯೆಗಳೂ ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಕಾದಿರಿಸಿದವು, ನಿಜವಾದ ಯಾವ ತಾಣಕ್ಕೂ ಸೇರಿದವಲ್ಲ.) ತಾಣವು ಮನೆ ಬದಲಿಸಿತು ಎಂದರೆ ಹೆಸರು ಹಾಗೆಯೇ ಉಳಿದು, ಸಂಖ್ಯೆ ಮಾತ್ರ ಬದಲಾಯಿತು ಎಂದರ್ಥ. ಹೀಗಿರಲು, ಈ ಬದಲಾವಣೆಯ ಸುದ್ದಿ ಜಗತ್ತಿಗೆ ತಿಳಿಯುವುದು ಹೇಗೆ?

ಒಂದು ಪಟ್ಟಿಯಿಂದ ಲೋಕವ್ಯಾಪಿ ವ್ಯವಸ್ಥೆಗೆ

ಅಂತರ್ಜಾಲದ ಪೂರ್ವಜವಾದ ಆರ್ಪಾನೆಟ್ಟಿನ ಕಾಲದಲ್ಲಿ ಇದರ ಪರಿಹಾರ ಬಹು ಸರಳವಾಗಿತ್ತು. ಎಲ್ಲ ಯಂತ್ರಗಳ ಹೆಸರುಗಳನ್ನೂ ಸಂಖ್ಯೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫೋರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ಮಾಹಿತಿ ಕೇಂದ್ರವು ಈ ‘ಹೋಸ್ಟ್ಸ್’ ಪಟ್ಟಿಯನ್ನು ಕಾಪಾಡುತ್ತಿತ್ತು. ಯಾರಾದರೂ ಯಂತ್ರ ಬದಲಿಸಿದರೆ ಆ ಕೇಂದ್ರಕ್ಕೆ ತಿಳಿಸಬೇಕು. ಉಳಿದವರೆಲ್ಲರೂ ಆಗಾಗ ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ನೂರಾರು ಇದ್ದಾಗ ಇದು ನಡೆಯಿತು. ಸಂಖ್ಯೆ ಬೆಳೆದಂತೆಲ್ಲ ಪಟ್ಟಿ ಉದ್ದವಾಯಿತು, ಬದಲಾವಣೆಗಳು ಹೆಚ್ಚಿದವು, ಎಲ್ಲರ ಬಳಿಯಲ್ಲಿಯೂ ಒಂದೇ ಪಟ್ಟಿ ಇರುವಂತೆ ನೋಡಿಕೊಳ್ಳುವುದು ಅಸಾಧ್ಯವಾಯಿತು.

೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಬೇರೊಂದು ಏರ್ಪಾಟನ್ನು ಸೂಚಿಸಿದರು. ಅದೇ ಇಂದಿನ ಡಿ.ಎನ್.ಎಸ್. ವ್ಯವಸ್ಥೆ. ಇದರಲ್ಲಿ ಇಡೀ ಪಟ್ಟಿ ಯಾರೊಬ್ಬರ ಬಳಿಯಲ್ಲಿಯೂ ಇಲ್ಲ. ಮರದ ಕೊಂಬೆಗಳಂತೆ ಹೊಣೆ ಹಂಚಿಹೋಗಿದೆ. ಬುಡದಲ್ಲಿ ೧೩ ಹೆಸರುಗಳ ಮೂಲ ಸರ್ವರುಗಳಿವೆ. ಇವುಗಳ ಪ್ರತಿರೂಪಗಳು ಜಗತ್ತಿನ ಅನೇಕ ಕಡೆ ನೆಲೆಸಿವೆ. ‘ಡಾಟ್ ಇನ್’, ‘ಡಾಟ್ ಕಾಮ್’ ಮೊದಲಾದ ಕೊಂಬೆಗಳ ಹೊಣೆ ಯಾರದೆಂಬುದು ಮೂಲ ಸರ್ವರುಗಳಿಗೆ ಗೊತ್ತು. ಕಾಲೇಜಿನ ಹೆಸರಿನ ಹೊಣೆ ಯಾವ ಸರ್ವರಿನದೆಂಬುದು ಆ ಕೊಂಬೆಯವರಿಗೆ ಗೊತ್ತು. ಕಾಲೇಜಿನ ಸಂಖ್ಯೆ ಏನೆಂಬುದು ಆ ಕಡೆಯ ಸರ್ವರಿಗೆ ಮಾತ್ರವೇ ಅಧಿಕೃತವಾಗಿ ಗೊತ್ತು.

ಊರಿಗೆ ಹೊಸಬರಾದವರು ಮನೆಯೊಂದನ್ನು ಹುಡುಕುವ ಬಗೆಯೂ ಇದೇ ಅಲ್ಲವೆ? ಪೇಟೆಯಲ್ಲಿ ಕೇಳಿದರೆ ಬಡಾವಣೆಯನ್ನು ತೋರಿಸುತ್ತಾರೆ. ಬಡಾವಣೆಯಲ್ಲಿ ಕೇಳಿದರೆ ಬೀದಿಯನ್ನು. ಬೀದಿಯಲ್ಲಿ ಕೇಳಿದರೆ ಮನೆಯನ್ನು. ನಮ್ಮ ಪರವಾಗಿ ಹೀಗೆ ಅಲೆದು ವಿಚಾರಿಸುವ ಯಂತ್ರಕ್ಕೆ ರಿಸಾಲ್ವರ್ ಎಂದು ಹೆಸರು. ಸಾಮಾನ್ಯವಾಗಿ ನಮಗೆ ಅಂತರ್ಜಾಲದ ಸಂಪರ್ಕ ಕೊಡುವ ಸಂಸ್ಥೆಯೇ ಇದನ್ನು ಇಟ್ಟಿರುತ್ತದೆ.

ನೆನಪಿನ ಉಪಕಾರ, ನೆನಪಿನ ಅಪಕಾರ

ಪ್ರತಿಯೊಂದು ಪುಟಕ್ಕೂ, ಪ್ರತಿಯೊಬ್ಬ ಓದುಗನಿಗೂ ಇಷ್ಟು ಅಲೆದಾಟ ನಡೆಯಬೇಕಾದರೆ ಜಾಲವೆಲ್ಲ ಪ್ರಶ್ನೆಗಳಿಂದಲೇ ತುಂಬಿಹೋಗುತ್ತಿತ್ತು. ಅದನ್ನು ತಪ್ಪಿಸಲು ರಿಸಾಲ್ವರ್ ಒಮ್ಮೆ ಪಡೆದ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಇನ್ನೊಬ್ಬರು ಅದೇ ಹೆಸರನ್ನು ಕೇಳಿದಾಗ ಎಲ್ಲಿಗೂ ಹೋಗದೆ ನೆನಪಿನಿಂದಲೇ ಉತ್ತರ ಕೊಡುತ್ತದೆ. ನಮ್ಮ ಕಂಪ್ಯೂಟರು, ಅದರೊಳಗಿನ ಬ್ರೌಸರು ಇವೂ ಇಂಥ ನೆನಪನ್ನು ಇಟ್ಟುಕೊಳ್ಳುವುದುಂಟು.

ಆದರೆ ಎಷ್ಟು ಕಾಲ ನೆನಪಿಡಬೇಕು? ಇದನ್ನು ನಿರ್ಧರಿಸುವವರು ಹೆಸರಿನ ಒಡೆಯರೇ. ಅಧಿಕೃತ ಸರ್ವರು ಕೊಡುವ ಪ್ರತಿಯೊಂದು ಉತ್ತರದೊಡನೆಯೂ ಒಂದು ಅವಧಿ ಸೆಕೆಂಡುಗಳಲ್ಲಿ ಬರೆದಿರುತ್ತದೆ. ಇದಕ್ಕೆ ಟಿ.ಟಿ.ಎಲ್. ಎನ್ನುತ್ತಾರೆ, ಉತ್ತರದ ಆಯುಸ್ಸು ಎಂದು ನಾವು ಕರೆಯಬಹುದು. ೮೬,೪೦೦ ಎಂದಿದ್ದರೆ ಒಂದು ದಿನ. ೩೦೦ ಎಂದಿದ್ದರೆ ಐದು ನಿಮಿಷ. ಆಯುಸ್ಸು ಮುಗಿಯುವವರೆಗೆ ರಿಸಾಲ್ವರ್ ಮತ್ತೆ ವಿಚಾರಿಸುವುದಿಲ್ಲ. ಈ ಮಧ್ಯೆ ತಾಣವು ಮನೆ ಬದಲಿಸಿದರೂ ಅದಕ್ಕೆ ತಿಳಿಯದು. ಅದು ಸುಳ್ಳು ಹೇಳುತ್ತಿಲ್ಲ. ನಿನ್ನೆ ನಿಜವಾಗಿದ್ದುದನ್ನು ಇಂದೂ ಹೇಳುತ್ತಿದೆ, ಅಷ್ಟೆ.

ಇದಕ್ಕೆ ಬಳಕೆಯಲ್ಲಿರುವ ಇಂಗ್ಲಿಷ್ ಮಾತು ‘ಪ್ರೊಪಗೇಷನ್’, ಎಂದರೆ ಹರಡುವಿಕೆ. ಈ ಮಾತು ದಾರಿ ತಪ್ಪಿಸುವಂಥದು. ಕೆರೆಯ ನೀರಿನಲ್ಲಿ ಅಲೆ ಹರಡುವಂತೆ ಹೊಸ ವಿಳಾಸವು ಹತ್ತಿರದ ಊರಿಗೆ ಮೊದಲು, ದೂರದ ದೇಶಕ್ಕೆ ಆಮೇಲೆ ತಲಪುತ್ತದೆಂದು ಕೇಳಿದವರು ತಿಳಿಯುತ್ತಾರೆ. ನಿಜವಾಗಿ ಯಾವುದೂ ಹರಡುವುದಿಲ್ಲ. ಹೊಸ ವಿಳಾಸ ಅಧಿಕೃತ ಸರ್ವರಿನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ಹಳೆಯ ನೆನಪುಗಳು ತಮ್ಮ ತಮ್ಮ ಆಯುಸ್ಸು ತೀರಿದಾಗ ಅಳಿಯುತ್ತವೆ. ಆದ್ದರಿಂದಲೇ ಪಕ್ಕದ ಬೀದಿಯವನಿಗೆ ತೆರೆಯದ ತಾಣ ಲಂಡನ್ನಿನಲ್ಲಿರುವವನಿಗೆ ಕೂಡಲೇ ತೆರೆಯಬಹುದು.

ಒಂದು ಸಣ್ಣ ಲೆಕ್ಕ

ಕಾಲೇಜಿನ ಹೆಸರಿಗೆ ಒಂದು ದಿನದ ಆಯುಸ್ಸು ಇತ್ತೆಂದು ಇಟ್ಟುಕೊಳ್ಳೋಣ. ಈ ಹೆಸರನ್ನು ಸದಾ ಯಾರಾದರೂ ಕೇಳುತ್ತಲೇ ಇರುವಂಥ ೧,೦೦೦ ರಿಸಾಲ್ವರುಗಳಿವೆ. ಅವು ಕಡೆಯ ಸಲ ವಿಚಾರಿಸಿದ ಹೊತ್ತುಗಳು ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಮನಾಗಿ ಹಂಚಿಹೋಗಿವೆ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನಾವು ಸಂಖ್ಯೆಯನ್ನು ಬದಲಿಸಿದೆವು. ೯ ಗಂಟೆ ೫೯ ನಿಮಿಷಕ್ಕೆ ವಿಚಾರಿಸಿದ್ದ ರಿಸಾಲ್ವರ್ ಮಂಗಳವಾರ ೯ ಗಂಟೆ ೫೯ ನಿಮಿಷದವರೆಗೂ ಹಳೆಯ ಸಂಖ್ಯೆಯನ್ನೇ ಹೇಳುತ್ತದೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ವಿಚಾರಿಸಿದ್ದುದು ಸೋಮವಾರ ಹನ್ನೆರಡಕ್ಕೇ ಹೊಸದನ್ನು ಕಲಿಯುತ್ತದೆ. ಆರು ಗಂಟೆಗಳ ಬಳಿಕ ೨೫೦ ರಿಸಾಲ್ವರುಗಳು ಸರಿಯಾದ ಉತ್ತರ ಕೊಡುತ್ತವೆ. ಹನ್ನೆರಡು ಗಂಟೆಗಳ ಬಳಿಕ ೫೦೦. ಹದಿನೆಂಟು ಗಂಟೆಗಳ ಬಳಿಕ ೭೫೦. ಇಪ್ಪತ್ತನಾಲ್ಕು ಗಂಟೆಗಳಾದಾಗ ಎಲ್ಲವೂ.

ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ವಿಕಿರಣಶೀಲ ವಸ್ತುವಿನ ಕ್ಷಯದೊಡನೆ ಹೋಲಿಸಿ ನೋಡಬೇಕು. ಹನ್ನೆರಡು ಗಂಟೆಗಳ ಅರ್ಧಾಯುಸ್ಸುಳ್ಳ ವಸ್ತು ಇಪ್ಪತ್ತನಾಲ್ಕು ಗಂಟೆಗಳ ಬಳಿಕವೂ ಕಾಲುಭಾಗ ಉಳಿದಿರುತ್ತದೆ; ಆಮೇಲೆಯೂ ಕ್ಷೀಣಿಸುತ್ತ ಹೋಗುತ್ತದೆ. ಪರಮಾಣುವಿಗೆ ತನ್ನ ವಯಸ್ಸಿನ ಅರಿವಿಲ್ಲ. ನೆನಪಿನ ಉತ್ತರಕ್ಕಾದರೋ ವಯಸ್ಸಿನ ಗಡಿಯಾರವಿದೆ. ಅದರ ಇಳಿತ ನೇರ ಗೆರೆಯಲ್ಲಿ ಸಾಗಿ ಗೊತ್ತಾದ ಹೊತ್ತಿಗೆ ಸೊನ್ನೆಯನ್ನು ಮುಟ್ಟುತ್ತದೆ. ಆದ್ದರಿಂದ ಇಲ್ಲಿ ‘ಯಾವಾಗಲೋ ಸರಿಹೋಗುತ್ತದೆ’ ಎನ್ನಬೇಕಾಗಿಲ್ಲ. ಇಂಥ ಗಂಟೆಗೆ ಸರಿಹೋಗುತ್ತದೆಂದು ಮುಂಚಿತವಾಗಿಯೇ ಹೇಳಬಹುದು.

ಮುಂಚಿತವಾಗಿ ಹೇಳಬಹುದಾದುದನ್ನು ಮುಂಚಿತವಾಗಿ ತಡೆಯಲೂ ಬಹುದು. ಸೋಮವಾರದ ವರ್ಗಾವಣೆಗಾಗಿ ಶನಿವಾರ ಬೆಳಗ್ಗೆಯೇ ಆಯುಸ್ಸನ್ನು ೮೬,೪೦೦ರಿಂದ ೩೦೦ಕ್ಕೆ ಇಳಿಸಿಬಿಡಬೇಕು. ಒಂದು ದಿನದ ಆಯುಸ್ಸುಳ್ಳ ಉತ್ತರಗಳೆಲ್ಲ ಭಾನುವಾರ ಬೆಳಗ್ಗೆಗೆ ಅಳಿದುಹೋಗುತ್ತವೆ. ಆಮೇಲೆ ಯಾರ ಬಳಿಯಲ್ಲಿಯೂ ಐದು ನಿಮಿಷಕ್ಕಿಂತ ಹಳೆಯ ಉತ್ತರವಿರಬಾರದು. ಸೋಮವಾರ ಸಂಖ್ಯೆಯನ್ನು ಬದಲಿಸಿದರೆ ಐದು ನಿಮಿಷಗಳಲ್ಲಿ ಕೆಲಸ ಮುಗಿಯಿತು. ಇದಕ್ಕಾಗಿ ತೆರಬೇಕಾದ ಬೆಲೆ, ದಿನಕ್ಕೊಮ್ಮೆ ಬರುತ್ತಿದ್ದ ಪ್ರಶ್ನೆ ಆ ಎರಡು ದಿನ ೨೮೮ ಸಲ ಬರುವುದು. ಅದೇನೂ ದೊಡ್ಡ ಬೆಲೆಯಲ್ಲ. ಆದರೆ ಸಂಖ್ಯೆಯನ್ನು ಬದಲಿಸಿದ ಮೇಲೆ ಆಯುಸ್ಸನ್ನು ಇಳಿಸಿ ಫಲವಿಲ್ಲ. ಹಳೆಯ ಉತ್ತರಗಳು ಆಗಲೇ ಹಳೆಯ ಆಯುಸ್ಸನ್ನು ಹೊತ್ತು ಹೊರಟಿರುತ್ತವೆ.

ಇದರ ಜೊತೆಗೆ ಮೂರು ಎಚ್ಚರಿಕೆಗಳನ್ನು ಹೇಳಬೇಕು. ಕೆಲವರು ಸಂಖ್ಯೆಯನ್ನಷ್ಟೇ ಅಲ್ಲದೆ ಹೆಸರಿನ ಹೊಣೆ ಹೊತ್ತ ಅಧಿಕೃತ ಸರ್ವರನ್ನೂ ಬದಲಿಸುತ್ತಾರೆ. ಆಗ ಮೇಲಿನ ಕೊಂಬೆಯವರು ಕೊಡುವ ಉತ್ತರದ ಆಯುಸ್ಸೂ ಲೆಕ್ಕಕ್ಕೆ ಬರುತ್ತದೆ. ‘ಡಾಟ್ ಕಾಮ್’ ಹೆಸರುಗಳಿಗೆ ಇದು ೧,೭೨,೮೦೦ ಸೆಕೆಂಡು, ಎಂದರೆ ಎರಡು ದಿನ. ಇದು ನಮ್ಮ ಕೈಯಲ್ಲಿಲ್ಲ. ಆದುದರಿಂದ ಎರಡು ದಿನವೂ ಹಳೆಯ ಮತ್ತು ಹೊಸ ಅಧಿಕೃತ ಸರ್ವರುಗಳೆರಡೂ ಒಂದೇ ಉತ್ತರವನ್ನು ಕೊಡುವಂತೆ ನೋಡಿಕೊಳ್ಳಬೇಕು. ಎರಡನೆಯದಾಗಿ, ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್ ನೆನಪಿಡುತ್ತದೆ. ಹೊಸ ಹೆಸರನ್ನು ದಾಖಲೆ ಮಾಡುವ ಮೊದಲೇ ಆತುರದಿಂದ ತೆರೆದು ನೋಡಿದವರಿಗೆ, ದಾಖಲೆಯಾದ ಮೇಲೆಯೂ ಸ್ವಲ್ಪ ಕಾಲ ‘ಇಲ್ಲ’ ಎಂದೇ ಕಾಣುವುದು ಇದರಿಂದ. ಮೂರನೆಯದಾಗಿ, ಹೊಸ ಮನೆಗೆ ಹೋದ ದಿನವೇ ಹಳೆಯ ಮನೆಯನ್ನು ಕೆಡವಬಾರದು. ಹಳೆಯ ಸರ್ವರು ನಡೆಯುತ್ತಿರಬೇಕು. ಆದರೆ ತಾನೇ ಅರ್ಜಿಗಳನ್ನು ಸ್ವೀಕರಿಸದೆ, ಬಂದವರನ್ನು ಹೊಸ ಸರ್ವರಿಗೆ ದಾಟಿಸುತ್ತಿರಬೇಕು. ಹೀಗೆ ಮಾಡಿದ್ದರೆ ನಾವು ಮೊದಲು ಹೇಳಿದ ವಿದ್ಯಾರ್ಥಿಯ ಅರ್ಜಿ ಕಾಣೆಯಾಗುತ್ತಿರಲಿಲ್ಲ.

ಮನೆಯಲ್ಲಿ ಉಂಟು, ಮೊಬೈಲಿನಲ್ಲಿ ಇಲ್ಲ

ವಿದ್ಯಾರ್ಥಿನಿಯ ಸಮಸ್ಯೆ ಉಳಿಯಿತು. ಮನೆಯ ಸಂಪರ್ಕಕ್ಕೂ ಮೊಬೈಲಿಗೂ ರಿಸಾಲ್ವರುಗಳು ಬೇರೆ ಬೇರೆಯಾಗಿದ್ದು, ಅವುಗಳ ನೆನಪುಗಳು ಬೇರೆ ಬೇರೆ ಹೊತ್ತಿನವಾಗಿರಬಹುದು. ಒಂದು ದಿನ ಕಳೆದ ಮೇಲೆಯೂ ಹೀಗೆಯೇ ಇದ್ದರೆ ಬೇರೆ ಕಾರಣವನ್ನು ಹುಡುಕಬೇಕು.

ಐ.ಪಿ. ವಿಳಾಸಗಳಲ್ಲಿ ಎರಡು ತಲೆಮಾರುಗಳಿವೆ. ಹಳೆಯದಾದ ನಾಲ್ಕನೆಯ ಆವೃತ್ತಿಯ ವಿಳಾಸ ೩೨ ಬಿಟ್ಟುಗಳದು. ಅದರಲ್ಲಿ ಸುಮಾರು ೪೨೯ ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಇವು ಸಾಲದೆ ಬಂದುದರಿಂದ ೧೨೮ ಬಿಟ್ಟುಗಳ ಆರನೆಯ ಆವೃತ್ತಿ ರೂಪುಗೊಂಡಿತು. ಭಾರತದ ಮೊಬೈಲ್ ಜಾಲಗಳಲ್ಲಿ ಈ ಆರನೆಯ ಆವೃತ್ತಿ ವ್ಯಾಪಕವಾಗಿ ಬಳಕೆಯಲ್ಲಿದೆ. ಒಂದೇ ಹೆಸರಿಗೆ ಎರಡು ಆವೃತ್ತಿಗಳ ದಾಖಲೆಗಳೂ ಇರಬಹುದು. ವರ್ಗಾವಣೆ ಮಾಡಿದವರು ನಾಲ್ಕನೆಯದನ್ನು ತಿದ್ದಿ ಆರನೆಯದನ್ನು ಮರೆತರೆ ಏನಾಗುತ್ತದೆ? ನಾಲ್ಕನೆಯದನ್ನು ಬಳಸುವ ಮನೆಯ ಕಂಪ್ಯೂಟರು ಹೊಸ ಸರ್ವರಿಗೆ ಹೋಗುತ್ತದೆ. ಆರನೆಯದನ್ನು ಬಳಸುವ ಮೊಬೈಲು ಹಳೆಯ ಸರ್ವರಿನ ಬಾಗಿಲನ್ನು ತಟ್ಟುತ್ತಿರುತ್ತದೆ. ಎಷ್ಟು ದಿನ ಕಾದರೂ ಇದು ತಾನಾಗಿ ಸರಿಹೋಗದು.

ಹೆಸರು ಸರಿ, ಬಾಗಿಲು ಮುಚ್ಚಿದೆ

ಹೆಸರು ಸರಿಯಾದ ಸಂಖ್ಯೆಯನ್ನೇ ಕೊಡುತ್ತಿದ್ದರೂ ಪುಟ ಬಾರದಿರಬಹುದು. ಸರ್ವರಿಗೆ ಅನೇಕ ಬಾಗಿಲುಗಳಿವೆ. ಅವಕ್ಕೆ ಪೋರ್ಟ್ ಎನ್ನುತ್ತಾರೆ. ಸಾಮಾನ್ಯ ಜಾಲಪುಟಗಳಿಗೆ ೮೦ನೆಯ ಪೋರ್ಟ್, ಗುಪ್ತಲಿಪಿಯಲ್ಲಿ ಸಾಗುವ ಸುರಕ್ಷಿತ ಪುಟಗಳಿಗೆ ೪೪೩ನೆಯದು. ಹೊಸ ಸರ್ವರಿನ ಕಾವಲು ವ್ಯವಸ್ಥೆಯಾದ ಫೈರ್‌ವಾಲ್ ಈ ಬಾಗಿಲುಗಳನ್ನು ತೆರೆದಿಡದಿದ್ದರೆ ಯಾರೂ ಒಳಗೆ ಹೋಗಲಾರರು. ಇಲ್ಲಿ ಸೋಲಿನ ರೀತಿಯೇ ಒಂದು ಸುಳಿವು. ಬ್ರೌಸರು ‘ಸಂಪರ್ಕವನ್ನು ನಿರಾಕರಿಸಲಾಯಿತು’ ಎಂದು ತಟಕ್ಕನೆ ಹೇಳಿದರೆ, ಬಹುಮಟ್ಟಿಗೆ ಯಂತ್ರವಿದೆ, ಆ ಬಾಗಿಲಿನಲ್ಲಿ ಓಗೊಡುವವರಿಲ್ಲ ಎಂದು ತಿಳಿಯಬೇಕು. ಬಹಳ ಹೊತ್ತು ಸುತ್ತುತ್ತಿದ್ದು ಕಡೆಗೆ ‘ಕಾಲ ಮೀರಿತು’ ಎಂದರೆ, ಫೈರ್‌ವಾಲ್ ಮೌನವಾಗಿ ಕರೆಯನ್ನು ನುಂಗುತ್ತಿರಬಹುದು, ಇಲ್ಲವೆ ಆ ವಿಳಾಸದಲ್ಲಿ ಯಂತ್ರವೇ ಇಲ್ಲದಿರಬಹುದು.

ಬಾಗಿಲು ತೆರೆದ ಮೇಲೆ ಗುರುತಿನ ಪರೀಕ್ಷೆ. ಸುರಕ್ಷಿತ ಪುಟವನ್ನು ಕೊಡುವ ಸರ್ವರು ತನ್ನ ಹೆಸರಿಗೆ ಸಲ್ಲುವ ಪ್ರಮಾಣಪತ್ರವನ್ನು ತೋರಿಸಬೇಕು. ಅದನ್ನು ಹೊಸ ಯಂತ್ರದಲ್ಲಿ ಸ್ಥಾಪಿಸುವುದನ್ನು ಮರೆತರೆ ಬ್ರೌಸರು ಓದುಗನನ್ನು ಎಚ್ಚರಿಸಿ ತಡೆಯುತ್ತದೆ. ಇದಲ್ಲದೆ ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ಬಾಡಿಗೆಯವರಂತೆ ವಾಸಿಸುವುದುಂಟು. ಬ್ರೌಸರು ಕಳಿಸುವ ಕೋರಿಕೆಯಲ್ಲಿ ಹೆಸರೂ ಇರುವುದರಿಂದ ಸರ್ವರಿಗೆ ಯಾವ ತಾಣ ಬೇಕೆಂಬುದು ತಿಳಿಯುತ್ತದೆ. ಕಾಲೇಜಿನ ಹೆಸರನ್ನು ಆ ಸರ್ವರಿನ ಪಟ್ಟಿಯಲ್ಲಿ ಸೇರಿಸದಿದ್ದರೆ ಯಾರದೋ ಪುಟವೋ ಬರಿಯ ಸ್ವಾಗತದ ಪುಟವೋ ಕಾಣಿಸುತ್ತದೆ.

ಇಷ್ಟೆಲ್ಲ ದಾಟಿದ ಬಳಿಕ ೫೦೦, ೫೦೨ ಮುಂತಾದ ಸಂಖ್ಯೆಯ ದೋಷಗಳು ಕಾಣುವುದುಂಟು. ಇವನ್ನು ಕಂಡು ಹೆದರಬೇಕಾದುದಿಲ್ಲ. ಆ ಸಂಖ್ಯೆಯನ್ನು ಕಳಿಸಿದುದು ಹೊಸ ಸರ್ವರೇ ಆಗಿದ್ದರೆ ಹೆಸರು, ದಾರಿ, ಬಾಗಿಲು ಮೂರೂ ಸರಿಯಾಗಿವೆ ಎಂದು ಸಿದ್ಧವಾಯಿತು. ತಪ್ಪು ಒಳಗಿದೆ: ಅರ್ಜಿಗಳ ದತ್ತಸಂಚಯವನ್ನು ಇನ್ನೂ ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿರಬಹುದು, ಕಡತವನ್ನು ಓದಲು ಅನುಮತಿ ಇಲ್ಲದಿರಬಹುದು.

ಪರೀಕ್ಷೆಯ ಕ್ರಮ

ಪ್ರಯೋಗಶಾಲೆಯಲ್ಲಿ ವಿದ್ಯುತ್ ಮಂಡಲ ಕೆಲಸ ಮಾಡದಿದ್ದರೆ ನಾವು ಎಲ್ಲ ತಂತಿಗಳನ್ನೂ ಒಟ್ಟಿಗೆ ಕಿತ್ತು ಜೋಡಿಸುವುದಿಲ್ಲ. ಮಧ್ಯದ ಒಂದು ಬಿಂದುವಿನಲ್ಲಿ ವೋಲ್ಟೇಜನ್ನು ಅಳೆದು ದೋಷ ಆ ಕಡೆಯದೋ ಈ ಕಡೆಯದೋ ಎಂದು ಮೊದಲು ನಿರ್ಧರಿಸುತ್ತೇವೆ. ಇಲ್ಲಿಯೂ ಅದೇ ಕ್ರಮ.

ಮೊದಲ ಪ್ರಶ್ನೆ: ಹೆಸರು ಯಾವ ಸಂಖ್ಯೆಯನ್ನು ಕೊಡುತ್ತಿದೆ? ‘ಎನ್‌ಎಸ್‌ಲುಕಪ್’ ಎಂಬ ಆದೇಶದಿಂದ ಇದನ್ನು ಯಾರು ಬೇಕಾದರೂ ಕೇಳಬಹುದು. ಅಧಿಕೃತ ಸರ್ವರನ್ನೇ ಕೇಳಿ, ಬಳಿಕ ನಮ್ಮ ರಿಸಾಲ್ವರನ್ನೂ ಗೂಗಲ್ ಸಂಸ್ಥೆಯ ೮.೮.೮.೮ನ್ನೂ ಕೇಳಿ ಉತ್ತರಗಳನ್ನು ಹೋಲಿಸಬೇಕು. ಅಧಿಕೃತ ಸರ್ವರೇ ತಪ್ಪು ಹೇಳಿದರೆ ದಾಖಲೆಯನ್ನು ತಿದ್ದಬೇಕು. ಅದು ಸರಿಯಾಗಿದ್ದು ಉಳಿದವು ಹಳೆಯದನ್ನು ಹೇಳಿದರೆ ಕಾಯಬೇಕು. ಎಲ್ಲವೂ ಹೊಸದನ್ನೇ ಹೇಳಿದರೆ ಕಾಯುವುದರಿಂದ ಪ್ರಯೋಜನವಿಲ್ಲ. ದೋಷ ಮುಂದಿನ ಹಂತಗಳಲ್ಲಿದೆ.

ಎರಡನೆಯ ಪ್ರಶ್ನೆ: ಹೆಸರಿನ ವ್ಯವಸ್ಥೆಯನ್ನು ಬದಿಗಿಟ್ಟರೆ ಹೊಸ ಸರ್ವರು ಪುಟ ಕೊಡುತ್ತದೆಯೆ? ಇದಕ್ಕೆ ಆ ಹಳೆಯ ‘ಹೋಸ್ಟ್ಸ್’ ಪಟ್ಟಿಯೇ ನೆರವಿಗೆ ಬರುತ್ತದೆ. ಅದರ ವಂಶದ ಒಂದು ಕಡತ ಇಂದಿಗೂ ನಮ್ಮ ಕಂಪ್ಯೂಟರುಗಳಲ್ಲಿ ಉಳಿದಿದೆ. ಅದರಲ್ಲಿ ಹೊಸ ಸಂಖ್ಯೆಯನ್ನೂ ಹೆಸರನ್ನೂ ಒಂದು ಸಾಲಿನಲ್ಲಿ ಬರೆದರೆ ಆ ಯಂತ್ರ ಸಾಮಾನ್ಯವಾಗಿ ಯಾವ ರಿಸಾಲ್ವರನ್ನೂ ಕೇಳದೆ ನೇರವಾಗಿ ಹೊಸ ಸರ್ವರಿಗೆ ಹೋಗುತ್ತದೆ. ವರ್ಗಾವಣೆಗೆ ಮೊದಲೇ ಹೊಸ ಮನೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು ಅಳಿಸಲೇಬೇಕು. ಅಳಿಸದಿದ್ದರೆ ಕಚೇರಿಯ ಆ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿ ಕಂಡು, ಹೊರಗಿನವರ ದೂರುಗಳೆಲ್ಲ ಸುಳ್ಳೆಂದು ತೋರುತ್ತದೆ!

ಎರಡು ನಿದರ್ಶನಗಳು

ಹೆಸರಿನ ಹಂತ ಎಷ್ಟು ಮುಖ್ಯವೆಂಬುದನ್ನು ೨೦೨೧ನೆಯ ಅಕ್ಟೋಬರ್ ೪ರಂದು ಜಗತ್ತೇ ಕಂಡಿತು. ಅದು ಮನೆ ಬದಲಿಸಿದ ಪ್ರಸಂಗವಲ್ಲವಾದರೂ ಪಾಠ ಒಂದೇ. ಫೇಸ್‌ಬುಕ್ ಸಂಸ್ಥೆಯ ಒಳಜಾಲದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅದರ ದತ್ತಕೇಂದ್ರಗಳ ನಡುವಣ ಸಂಪರ್ಕವೆಲ್ಲ ಕಡಿದುಹೋಯಿತು. ದತ್ತಕೇಂದ್ರಗಳು ಸಿಗದಿದ್ದಾಗ ಅದರ ಅಧಿಕೃತ ಹೆಸರಿನ ಸರ್ವರುಗಳು ತಮ್ಮನ್ನು ತಲಪುವ ದಾರಿಯ ಪ್ರಕಟಣೆಯನ್ನು ಹಿಂತೆಗೆದುಕೊಂಡವು. ಅವನ್ನು ಹಾಗೆಯೇ ರಚಿಸಲಾಗಿತ್ತು. ಆ ಸರ್ವರುಗಳು ನಡೆಯುತ್ತಲೇ ಇದ್ದರೂ ಅವನ್ನು ಕೇಳುವ ದಾರಿ ಯಾರಿಗೂ ಉಳಿಯಲಿಲ್ಲ. ಸುಮಾರು ಆರು ಗಂಟೆಗಳ ಕಾಲ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಮರೆಯಾದವು.

ಇದಕ್ಕೆ ವಿರುದ್ಧವಾದುದು ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕಿನ ಕಥೆ. ೨೦೧೮ರ ಏಪ್ರಿಲಿನಲ್ಲಿ ಈ ಬ್ಯಾಂಕು ತನ್ನ ೫೨ ಲಕ್ಷ ಗ್ರಾಹಕರ ಲೆಕ್ಕಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸಾಗಿಸಿತು. ಮಾಹಿತಿಯೆಲ್ಲ ಸುರಕ್ಷಿತವಾಗಿ ಹೊಸ ಮನೆ ಸೇರಿತು. ಆದರೆ ಹೊಸ ವ್ಯವಸ್ಥೆಯೇ ಕೂಡಲೆ ಎಡವಿತು. ಅನೇಕರಿಗೆ ತಮ್ಮ ಹಣವೇ ಕೈಗೆಟುಕದಂತಾಯಿತು. ಎಲ್ಲವೂ ಮೊದಲಿನ ಸ್ಥಿತಿಗೆ ಬರಲು ಅದೇ ವರ್ಷದ ಡಿಸೆಂಬರ್ ಆಗಬೇಕಾಯಿತು. ೨೦೨೨ರ ಡಿಸೆಂಬರಿನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ ೪ ಕೋಟಿ ೮೬ ಲಕ್ಷ ೫೦ ಸಾವಿರ ಪೌಂಡುಗಳ ದಂಡ ವಿಧಿಸಿದವು. ಸಾಮಾನು ಸಾಗಿಸಿದ ಮಾತ್ರಕ್ಕೆ ಸಂಸಾರ ಹೂಡಿದಂತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಬೇಕೆ?

ಮೊದಲ ನಿದರ್ಶನದಲ್ಲಿ ಯಂತ್ರಗಳಿದ್ದೂ ಹೆಸರು ಕೈಕೊಟ್ಟಿತು. ಎರಡನೆಯದರಲ್ಲಿ ಹೆಸರು ಇದ್ದೂ ಯಂತ್ರಗಳ ವ್ಯವಸ್ಥೆ ಕೈಕೊಟ್ಟಿತು. ಹೊರಗೆ ನಿಂತು ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ‘ಕೆಲಸ ಮಾಡುತ್ತಿಲ್ಲ’ ಎಂದು ಕಾಣುತ್ತವೆ. ಔಷಧ ಮಾತ್ರ ಬೇರೆ ಬೇರೆ. ಕಾಯಬೇಕಾದ ಕಡೆ ದಾಖಲೆಗಳನ್ನು ಮತ್ತೆ ಮತ್ತೆ ಕೆದಕುವುದೂ, ತಿದ್ದಬೇಕಾದ ಕಡೆ ಎರಡು ದಿನ ಸುಮ್ಮನೆ ಕಾಯುವುದೂ ಸಮಾನವಾದ ತಪ್ಪುಗಳು. ಇವೆರಡರಲ್ಲಿ ಯಾವುದು ನಮ್ಮ ಮುಂದಿದೆ ಎಂಬುದನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ಹೆಸರು ಯಾವ ಸಂಖ್ಯೆಯನ್ನು ಕೊಡುತ್ತಿದೆ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು, ದಾರಿ ಎರಡಾಗಿ ಒಡೆದು ಕಾಣುತ್ತದೆ.